ಎರಡು ಒಂಬತ್ತು, ಒಂದು ಎಂಟು

ನಮ್ಮ ಕಾಸರಗೋಡಿನ ಬದಿಯಡ್ಕದ ಕಡೆ ಮೂರು ತಲೆಮಾರಿನವರು ಒಟ್ಟಿಗೆ ಕುಳಿತಿರುವ ಜಗಲಿಯಲ್ಲಿ ಗ್ರಹಗಳೆಷ್ಟು ಎಂದು ಕೇಳಿದರೆ ಅಜ್ಜ ಒಂಬತ್ತು ಎನ್ನುತ್ತಾರೆ, ಅಪ್ಪನೂ ಒಂಬತ್ತು ಎನ್ನುತ್ತಾನೆ, ಕನ್ನಡ ಶಾಲೆಗೆ ಹೋಗುವ ಮೊಮ್ಮಗಳು ಮಾತ್ರ ಎಂಟು ಎನ್ನುತ್ತಾಳೆ. ಹಿರಿಯರಿಬ್ಬರೂ ಒಂದೇ ಪಕ್ಷ ಎಂದುಕೊಳ್ಳುವಂತಿಲ್ಲ. ಅಜ್ಜನ ಒಂಬತ್ತರಲ್ಲಿ ಸೂರ್ಯ, ಚಂದ್ರ, ರಾಹು, ಕೇತುಗಳಿದ್ದಾರೆ, ಭೂಮಿಯೇ ಇಲ್ಲ. ಅಪ್ಪನ ಒಂಬತ್ತರಲ್ಲಿ ಆ ನಾಲ್ವರ ಜಾಗಕ್ಕೆ ಭೂಮಿ, ಯುರೇನಸ್, ನೆಪ್ಚೂನ್, ಪ್ಲೂಟೋ ಬಂದಿವೆ. ಇಬ್ಬರಿಗೂ ಒಪ್ಪಿಗೆಯಾದವು ಬುಧ, ಶುಕ್ರ, ಕುಜ, ಗುರು, ಶನಿ ಎಂಬ ಐದೇ.

ಅಜ್ಜನ ಪಟ್ಟಿಯನ್ನು ನಕ್ಕು ತಳ್ಳಿಹಾಕುವುದು ನ್ಯಾಯವಲ್ಲ. ನೆಲದ ಮೇಲೆ ನಿಂತು ನೋಡುವವನಿಗೆ ನಕ್ಷತ್ರಗಳ ನಡುವೆ ಸ್ಥಾನ ಬದಲಿಸುತ್ತಾ ಹೋಗುವುದೆಲ್ಲವೂ ಒಂದೇ ಬಳಗ. ರಾಹು ಕೇತುಗಳಾದರೋ ಚಂದ್ರನ ಹಾದಿಯು ಸೂರ್ಯನ ಹಾದಿಯನ್ನು ದಾಟುವ ಎರಡು ಬಿಂದುಗಳಾದ್ದರಿಂದ ಅವುಗಳನ್ನು ಬಿಟ್ಟು ಗ್ರಹಣದ ಲೆಕ್ಕವನ್ನು ಹಾಕುವಂತಿಲ್ಲ. ಆ ಪಟ್ಟಿ ತಯಾರಾದದ್ದು ಬೇರೊಂದು ಕೆಲಸಕ್ಕೆ, ಆ ಕೆಲಸವನ್ನು ಅದು ಈಗಲೂ ಮಾಡುತ್ತಿದೆ. ಪ್ಲೂಟೋ ಬಂದಾಗಲಾಗಲಿ ಹೋದಾಗಲಾಗಲಿ ಇಲ್ಲಿನ ಯಾವ ಜೋಯಿಸರ ಕವಡೆಯೂ ಅಲುಗಲಿಲ್ಲ.

ಅಲುಗಿದ್ದು ಅಪ್ಪನ ಪಟ್ಟಿ. 1930ರಲ್ಲಿ ಅಮೆರಿಕದ ಲೊವೆಲ್ ವೀಕ್ಷಣಾಲಯದಲ್ಲಿ ಕ್ಲೈಡ್ ಟೊಂಬೊ ಕಂಡುಹಿಡಿದ ಪ್ಲೂಟೋ 76 ವರ್ಷ ಗ್ರಹವಾಗಿತ್ತು. ಅದು ಸೂರ್ಯನನ್ನು ಒಂದು ಸುತ್ತು ಬರಲು ಸುಮಾರು 248 ವರ್ಷ ಬೇಕಾಗುವುದರಿಂದ, ಅದರ ಲೆಕ್ಕದಲ್ಲಿ ಈ ಪದವಿ ದಕ್ಕಿದ್ದು ನಾಲ್ಕೇ ತಿಂಗಳಷ್ಟು ಎನ್ನಬೇಕು. 2005ರಲ್ಲಿ ಮೈಕ್ ಬ್ರೌನ್ ಮತ್ತು ಜೊತೆಗಾರರು ಅದಕ್ಕಿಂತ ಹೆಚ್ಚು ದ್ರವ್ಯರಾಶಿಯುಳ್ಳ ಏರಿಸ್ ಅನ್ನು ಗುರುತಿಸಿದ ಮೇಲೆ, ಎರಡನ್ನೂ ಒಳಗೆ ಕರೆಯಬೇಕು, ಇಲ್ಲವೇ ಎರಡನ್ನೂ ಹೊರಗಿಡಬೇಕು ಎಂಬ ಇಕ್ಕಟ್ಟು ಹುಟ್ಟಿತು. 2006ರ ಆಗಸ್ಟ್ 24ರಂದು ಪ್ರಾಗ್ ನಗರದಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು ಮತಕ್ಕೆ ಹಾಕಿ ಪ್ಲೂಟೋವನ್ನು ಕುಬ್ಜಗ್ರಹವನ್ನಾಗಿಸಿತು. ಅಂದು ಮತ ಹಾಕಿದವರು ಐನೂರು ಮಂದಿಯೂ ಇರಲಿಲ್ಲ. ಎಲ್ಲಿಯೋ ನಡೆದ ತೀರ್ಮಾನದಿಂದ 1956ರಲ್ಲಿ ಇದ್ದಲ್ಲಿಯೇ ಬೇರೆ ರಾಜ್ಯದವರಾದ ಕಾಸರಗೋಡಿನವರಿಗೆ ಪ್ಲೂಟೋವಿನ ಮೇಲೆ ಕನಿಕರ ಒಂದು ತೂಕ ಹೆಚ್ಚಿದ್ದರೆ ಆಶ್ಚರ್ಯವಿಲ್ಲ.

ಆದರೆ ಈ ಕನಿಕರ ಸೀರಿಸ್‌ಗೆ ಯಾಕೆ ಸಿಗಲಿಲ್ಲ? 1801ರ ಜನವರಿ 1ರಂದು ಪಲೆರ್ಮೊದಲ್ಲಿ ಜುಸೆಪ್ಪೆ ಪಿಯಾಟ್ಸಿ ಕಂಡ ಅದು ದಶಕಗಳ ಕಾಲ ಗ್ರಹಗಳ ಸಾಲಿನಲ್ಲಿಯೇ ಇತ್ತು. ಪಲ್ಲಾಸ್, ಜೂನೋ, ವೆಸ್ಟಾ ಎಂದು ನೆರೆಹೊರೆ ಬೆಳೆದು, ಹತ್ತೊಂಬತ್ತನೆಯ ಶತಮಾನದ ನಡುಭಾಗಕ್ಕೆ ಹದಿನೈದರಷ್ಟು ಆದಾಗ ಎಲ್ಲವನ್ನೂ ಒಟ್ಟಾಗಿ ಕ್ಷುದ್ರಗ್ರಹಗಳೆಂದು ಬೇರೆ ಕೂರಿಸಿದರು. ಅಂದು ಅತ್ತವರು ಇಂದು ಯಾರೂ ಉಳಿದಿಲ್ಲ, ನಮ್ಮ ಬಾಯಿಪಾಠದಲ್ಲಿ ಅದರ ಹೆಸರೂ ಇರಲಿಲ್ಲ. ಅಪ್ಪನ ನೋವಿನಲ್ಲಿ ಖಗೋಳಕ್ಕಿಂತ ನಾಲ್ಕನೆಯ ತರಗತಿಯ ಪಾಲು ದೊಡ್ಡದು.

ಪ್ರಾಗ್‌ನ ಸೂತ್ರ ಮೂರು ಷರತ್ತುಗಳದ್ದು: ಸೂರ್ಯನನ್ನು ಸುತ್ತಬೇಕು, ತನ್ನ ಗುರುತ್ವದಿಂದಲೇ ದುಂಡಾಗಿರಬೇಕು, ತನ್ನ ಕಕ್ಷೆಯ ಆಸುಪಾಸನ್ನು ತೆರವುಗೊಳಿಸಿರಬೇಕು. ಜಗಳವಿರುವುದು ಮೂರನೆಯದರಲ್ಲಿ. ಗುರುಗ್ರಹದ ಕಕ್ಷೆಯಲ್ಲಿಯೇ ಸಾವಿರಾರು ಕ್ಷುದ್ರಗ್ರಹಗಳು ಹಿಂದೆ ಮುಂದೆ ಸಾಗುತ್ತಿರುವಾಗ ತೆರವು ಎಂದರೆ ಏನು ಎಂದು ಕೇಳುವವರ ಮಾತಿನಲ್ಲಿ ಹುರುಳಿದೆ. ಸೂತ್ರದ ಮಾತು ಸಡಿಲವಾಗಿಯೇ ಇದೆ. ಅಡಿಕೆ ಸುಲಿದು ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂದು ವಿಂಗಡಿಸಲು ಕುಳಿತವರಿಗೆ ಗೊತ್ತು, ಎಷ್ಟು ಪಳಗಿದ ಕೈಯಾದರೂ ಯಾವ ರಾಶಿಗೂ ಸಲ್ಲದೆ ಬೆರಳ ನಡುವೆ ಉಳಿಯುವ ಅಡಿಕೆ ಕೆಲವು ಇದ್ದೇ ಇರುತ್ತವೆ. ಗಾತ್ರವನ್ನು ಮಾತ್ರ ನೋಡಿದರೆ ಸೌರಮಂಡಲವೂ ಹೀಗೆಯೇ: ಪ್ಲೂಟೋ ನಮ್ಮ ಚಂದ್ರನಿಗಿಂತ ಚಿಕ್ಕದು, ಗುರುವಿನ ಉಪಗ್ರಹ ಗ್ಯಾನಿಮೀಡ್ ಬುಧನಿಗಿಂತ ದೊಡ್ಡದು. ಕಕ್ಷೆಯ ಯಜಮಾನಿಕೆಯನ್ನು ಅಳೆದಾಗ ಮಾತ್ರ ಹಾಗಾಗುವುದಿಲ್ಲ. ಭೂಮಿಯ ದ್ರವ್ಯರಾಶಿ ಅದರ ಹಾದಿಯಲ್ಲಿರುವ ಉಳಿದೆಲ್ಲ ಕಾಯಗಳ ಒಟ್ಟು ಮೊತ್ತಕ್ಕಿಂತ ಸುಮಾರು 17 ಲಕ್ಷ ಪಟ್ಟು ಹೆಚ್ಚು, ಎಂಟರಲ್ಲಿ ತೀರಾ ಕೆಳಗಿನದೂ ಸಾವಿರಗಳ ಲೆಕ್ಕದಲ್ಲಿದೆ; ಪ್ಲೂಟೋವಿನದು ತನ್ನ ನೆರೆಹೊರೆಯ ಹತ್ತನೆಯ ಒಂದು ಪಾಲಿಗೂ ಸಾಲದು. ಒಂದು ಪಟ್ಟಿನಿಂದ ಸಾವಿರಗಳವರೆಗಿನ ಕಂದಕದಲ್ಲಿ ಒಂದು ಕಾಯವೂ ಇಲ್ಲ. ಆದ್ದರಿಂದ ನನ್ನ ಮತ ಮೊಮ್ಮಗಳ ಎಂಟಕ್ಕೆ.

ಆ ಎಂಟಕ್ಕೆ ಇನ್ನೊಂದು ತಕರಾರು ಉಂಟು. ಸೂತ್ರವನ್ನು ಅಕ್ಷರಶಃ ಓದಿದರೆ ಬೇರೆ ನಕ್ಷತ್ರಗಳ ಸುತ್ತ ಈಗಾಗಲೇ ಸಿಕ್ಕಿರುವ 5000ಕ್ಕೂ ಹೆಚ್ಚು ಗ್ರಹಗಳು ಗ್ರಹಗಳೇ ಅಲ್ಲ, ಏಕೆಂದರೆ ಅವು ಸುತ್ತುವುದು ನಮ್ಮ ಸೂರ್ಯನನ್ನಲ್ಲ. ಈ ಕೊರತೆಯನ್ನು ತುಂಬಲು 2024ರಲ್ಲಿ ಕೆಲವು ವಿಜ್ಞಾನಿಗಳು ದ್ರವ್ಯರಾಶಿಯನ್ನೇ ಅಳತೆಗೋಲಾಗಿಸಿದ ಹೊಸ ಸೂತ್ರವೊಂದನ್ನು ಮುಂದಿಟ್ಟಿದ್ದಾರೆ. ಅದರಂತೆಯೂ ಬುಧ ಒಳಗೆ, ಪ್ಲೂಟೋ ಹೊರಗೆ.