ಸತ್ಯಾಂಶ: ಗ್ಯಾಲರಿಯವರು ಸುಮ್ನೆ ಅರ್ಧ ದುಡ್ಡು ನುಂಗ್ತಾರಾ?

"ಚಿತ್ರ ಬರೆದವನಿಗೆ ಅರ್ಧ, ಮೊಳೆ ಹೊಡೆದು ನೇತುಹಾಕಿದವನಿಗೂ ಅರ್ಧ. ಮರುಮಾರಾಟದಲ್ಲಿ ಕಲಾವಿದನಿಗೆ ನಯಾಪೈಸೆ ಇಲ್ಲ." ಚಿಕ್ಕಮಗಳೂರಿನ ನಮ್ಮ ವಾಟ್ಸಾಪ್ ಗುಂಪಿಗೆ ಬಂದ ಸಂದೇಶ ಇದು.

ಅರ್ಧ ಕಮಿಷನ್ ಸುಳ್ಳಲ್ಲ, ಎಷ್ಟೋ ಗ್ಯಾಲರಿಗಳಲ್ಲಿ ಅದೇ ರೂಢಿ. 'ಸುಮ್ನೆ' ಅನ್ನುವುದು ತಪ್ಪು. ಚಿತ್ರ ಮಾರಾಟವಾಗದಿದ್ದರೆ ಸಾಮಾನ್ಯವಾಗಿ ಅವರಿಗೂ ಏನೂ ಸಿಗುವುದಿಲ್ಲ. ಬಾಡಿಗೆ, ಲೈಟು, ಸಾಗಣೆ ಖರ್ಚು ಮಾತ್ರ ನಿಲ್ಲುವುದಿಲ್ಲ.

ಮುಂಬೈನ ಕೇಕೂ ಗಾಂಧಿಯವರನ್ನು ನೋಡಿ. 1941ರಲ್ಲಿ ಅವರು ಶುರುಮಾಡಿದ್ದು ಫ್ರೇಮ್ ವ್ಯಾಪಾರ. ಆಗಿನ್ನೂ ಹೊಸಬರಾಗಿದ್ದ ಹುಸೇನ್, ನಮ್ಮ ಕೆ.ಕೆ. ಹೆಬ್ಬಾರ್ ಅಂಥವರ ಚಿತ್ರಗಳನ್ನು ಅಂಗಡಿಯ ಕಿಟಕಿಯಲ್ಲಿ ಇಡುತ್ತಿದ್ದರು. ಗ್ಯಾಲರಿ ಕೆಮೋಲ್ಡ್ ತೆರೆದದ್ದು 1963ರಲ್ಲಿ. ನಡುವೆ 22 ವರ್ಷ! ಗ್ಯಾಲರಿ ಕಟ್ಟುವುದು ಸುಮ್ನೆ ಆಗುವ ಕೆಲಸವಲ್ಲ.

ಮಲೆನಾಡಿನವರಿಗೆ ಇನ್ನೊಂದು ಕಷ್ಟ ಬೇಗ ಅರ್ಥವಾಗುತ್ತದೆ. ಆಷಾಢದ ಮಳೆಗೆ ಫ್ರೇಮಿನ ಹಿಂದೆ ಬೂಷ್ಟು ಹಿಡಿದು, ಗಾಜಿನೊಳಗಿನ ಕಾಗದದ ಮೇಲೆ ಕಂದು ಚುಕ್ಕೆ ಏಳುತ್ತದಲ್ವಾ? ತಮ್ಮಲ್ಲಿರುವಷ್ಟು ದಿನ ಚಿತ್ರವನ್ನು ಇದರಿಂದ ಕಾಯುವುದೂ ಗ್ಯಾಲರಿಯವರ ಪಾಡು.

ಮರುಮಾರಾಟದ ಮಾತಂತೂ ಕಾನೂನಿನ ಪ್ರಕಾರ ತಪ್ಪು. 1957ರ ಕೃತಿಸ್ವಾಮ್ಯ ಕಾಯ್ದೆಯ 53ಎ ಕಲಂ ಇದೆ. ಮೂಲ ಚಿತ್ರ 10,000 ರೂಪಾಯಿಗಿಂತ ಜಾಸ್ತಿಗೆ ಮರುಮಾರಾಟವಾದರೆ ಕಲಾವಿದರಿಗೆ, ಅವರಿಲ್ಲದಿದ್ದರೆ ವಾರಸುದಾರರಿಗೆ, ಪಾಲಿನ ಹಕ್ಕಿದೆ. ಆ ಪಾಲು ಮರುಮಾರಾಟದ ಬೆಲೆಯ ಶೇ 10 ಮೀರುವಂತಿಲ್ಲ.