ಪೀಚ್ ಮೇಲೆ ಹೆಬ್ಬೆಟ್ಟು

ಹಣ್ಣು ಕಂಡರೆ ಒತ್ತದೇ ಇರಲಾರದವರು ಪ್ರತಿ ಮನೆಯಲ್ಲೂ ಒಬ್ಬರಿರುತ್ತಾರೆ. ನಮ್ಮನೆಯಲ್ಲಿ ಮಾವನವರು. ಪಪ್ಪಾಯ, ಸೀಬೆ, ಬಟರ್ ಫ್ರೂಟ್, ಯಾವುದಾದರೂ ಸರಿ. ಊಟದ ಮೇಜಿನ ಪಕ್ಕ ಹಾದುಹೋಗುವಾಗ ಅವರ ಹೆಬ್ಬೆರಳು ತಾನಾಗಿಯೇ ಮುಂದೆ ಬರುತ್ತದೆ. ಒಂದು ಸಲ ಅದುಮಿ, "ಇನ್ನೂ ಆಗಿಲ್ಲ" ಅಂತ ತೀರ್ಪು ಕೊಟ್ಟು ಪೇಪರ್ ಓದಲು ಹೋಗುತ್ತಾರೆ. ಸೀಬೆ ಇದನ್ನೆಲ್ಲ ಸಹಿಸಿಕೊಳ್ಳುತ್ತದೆ. ಪೀಚ್ ಸಹಿಸುವುದಿಲ್ಲ.

ಇದೆಲ್ಲ ಶುರುವಾಗಿದ್ದು ಮಗಳಿಂದ. ಅವಳಿಗೆ ಪೀಚ್ ಮೆಲ್ಬಾ ಬೇಕಂತೆ. 1890ರ ದಶಕದಲ್ಲಿ ಲಂಡನ್ನಿನ ಸವಾಯ್ ಹೋಟೆಲಿನಲ್ಲಿ ಎಸ್ಕಾಫಿಯೆ ಅನ್ನೋ ಫ್ರೆಂಚ್ ಬಾಣಸಿಗ, ಆಸ್ಟ್ರೇಲಿಯಾದ ಗಾಯಕಿ ನೆಲ್ಲಿ ಮೆಲ್ಬಾಗೋಸ್ಕರ ಮಾಡಿದ ತಿಂಡಿ ಅದು. ಮೆತ್ತಗೆ ಬೇಯಿಸಿದ ಪೀಚ್, ಜೊತೆಗೆ ವೆನಿಲಾ ಐಸ್‌ಕ್ರೀಮ್. ಬಡಿಸಿದ್ದು ಐಸ್‌ನಲ್ಲಿ ಕೆತ್ತಿದ ಹಂಸದ ರೆಕ್ಕೆಗಳ ನಡುವೆ. ಎಸ್ಕಾಫಿಯೆ ಮನೆಯಲ್ಲಿ ಮಾವ ಇರಲಿಲ್ಲ ಅಂತ ಕಾಣುತ್ತೆ.

ಜೂನ್ ಬಂತೆಂದರೆ ಗಾಂಧಿ ಬಜಾರಿನಲ್ಲಿ ಹಿಮಾಚಲದ ಪೀಚ್ ಕಾಣಿಸುತ್ತದೆ. ಗಾಡಿಯವನು ಕೆಂಪು ಕೆನ್ನೆ ಮೇಲೆ ಬರೋ ಹಾಗೆ ಜೋಡಿಸಿಟ್ಟಿರುತ್ತಾನೆ. ಆ ಕೆಂಪನ್ನು ನಂಬಬಾರದು. ಅದು ಬಿಸಿಲು ಬಿದ್ದ ಗುರುತು, ಅಷ್ಟೇ. ಕೆಂಪಿಲ್ಲದ ಕಡೆ ಹಸಿರು ಹೋಗಿ ಹಳದಿ ಬಂದಿರಬೇಕು, ತೊಟ್ಟಿನ ಹತ್ತಿರ ಘಮ ಬರಬೇಕು. ನಾನು ಹಾಗೆ ಮೂಸಿ ಮೂಸಿ ಆರಿಸಿದೆ. ಆದರೂ ಇನ್ನೊಂದೆರಡು ದಿನ ಮಾಗಬೇಕಿತ್ತು. ಫ್ರಿಜ್ಜಿಗೆ ಇಡೋ ಹಾಗಿಲ್ಲ. ಮಾಗದ ಪೀಚ್ ತಣ್ಣಗೆ ಕೂತರೆ ಒಳಗೆಲ್ಲ ಹಿಟ್ಟು ಹಿಟ್ಟಾಗುತ್ತದೆ. ಹೊರಗೇ ಇಡಬೇಕು. ಅಂದರೆ ಮೇಜಿನ ಮೇಲೆ. ಅಂದರೆ ಮಾವನವರ ದಾರಿಯಲ್ಲಿ.

ಮೊದಲನೇ ಸಂಜೆಗೇ ಎರಡು ಹಣ್ಣಿನ ಮೇಲೆ ಕಂದು ಗುಳಿ.

"ಮಾವ, ದಯವಿಟ್ಟು ಅದನ್ನ ಒತ್ತಬೇಡಿ. ಕಪ್ಪಾಗುತ್ತೆ."

"ನಾನೆಲ್ಲಿ ಒತ್ತಿದೆನಮ್ಮಾ? ಸುಮ್ನೆ ಮುಟ್ಟಿ ನೋಡಿದೆ."

ಹಣ್ಣುಗಳನ್ನು ಬಟ್ಟಲಿನಿಂದ ತೆಗೆದು ಫ್ರಿಜ್ಜಿನ ಮೇಲಿಟ್ಟೆ. ಅವರು ನನಗಿಂತ ಎತ್ತರ. ಖಾಕಿ ಪೇಪರ್ ಕವರಿನಲ್ಲಿ ಸುತ್ತಿ ಅಡುಗೆಮನೆ ಮೂಲೆಗೆ ಸೇರಿಸಿದೆ. ಹಾಗಿಟ್ಟರೆ ಬೇಗ ಮಾಗುತ್ತದೆ, ಕಣ್ಣಿಗೂ ಬೀಳುವುದಿಲ್ಲ. ರಾತ್ರಿ ನೀರು ಕುಡಿಯಲು ಎದ್ದವರ ಕಡೆಯಿಂದ ಕವರ್ ಪರಪರ ಅಂದ ಸದ್ದು. ಕೊನೆಗೆ ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟೆ. ಆದರೆ ಮಾಗಿದ ಪೀಚಿಗೆ ಬಾಯಿ ಮುಚ್ಚಿಕೊಂಡಿರೋದು ಗೊತ್ತಿಲ್ಲ, ಮನೆಯೆಲ್ಲ ಘಮ್ ಅಂತಿತ್ತು. "ಎಲ್ಲೋ ಹಣ್ಣಾಗ್ತಾ ಇದೆ" ಅನ್ನುತ್ತಾ ಹೊರಟರು. ಭಾನುವಾರ ಬೆಳಿಗ್ಗೆ ಡಬ್ಬ ಸರಿಸಿ ನೋಡಿದರೆ ಒಂದೂ ಉಳಿದಿರಲಿಲ್ಲ, ಎಲ್ಲದಕ್ಕೂ ಗುರುತು ಬಿದ್ದಿತ್ತು. ಆಧಾರ್ ಕೇಂದ್ರದಲ್ಲೂ ದಿನಕ್ಕೆ ಅಷ್ಟು ಹೆಬ್ಬೆಟ್ಟು ಬೀಳೋದಿಲ್ಲ.

ಇನ್ನು ಕಾಯುವ ಹಾಗಿರಲಿಲ್ಲ. ಸಿಪ್ಪೆ ಬಿಡಿಸಲು ಹಣ್ಣಿನ ತಳಕ್ಕೆ ಅಡ್ಡ ಉದ್ದ ಗೀರು ಹಾಕಿ, ಕುದಿಯುವ ನೀರಿಗೆ ಅರ್ಧ ನಿಮಿಷ ಬಿಟ್ಟು, ಐಸ್ ನೀರಿಗೆ ಹಾಕಬೇಕು. ಆಗ ನನ್ನ ಗಂಡ ಕಾಫಿ ಲೋಟ ಹಿಡಿದು ಬಂದು, "ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತೆ ಗೊತ್ತಾ?" ಅಂದರು. ಗೊತ್ತಾಯಿತು. ಐಸ್ ಟ್ರೇ ತೆಗೆದುಕೊಡಿ ಅಂದೆ. ಅಷ್ಟರಲ್ಲಿ ಫೋನ್ ಬಂತು ಅಂತ ಹೋದರು.

ಬೀಜದ್ದು ಬೇರೆ ಗೋಳು. ವಿಡಿಯೋಗಳಲ್ಲಿ ನಡು ಗೀರಿನ ಗುಂಟ ಕೊಯ್ದು, ಎರಡೂ ಕೈಯಲ್ಲಿ ಹಿಡಿದು ಸ್ವಲ್ಪ ತಿರುವಿದರೆ ಸಾಕು, ಬೀಜ ಮರ್ಯಾದೆಯಾಗಿ ಬಂದುಬಿಡುತ್ತದೆ. ಅದು ಬೀಜ ಬಿಡಿಸಿಕೊಳ್ಳೋ ಜಾತಿ. ಬೀಜ ಕಚ್ಚಿಕೊಂಡಿರೋ ಜಾತಿಯೂ ಇದೆ, ಅದನ್ನು ವಿಡಿಯೋದಲ್ಲಿ ಯಾರೂ ತೋರಿಸುವುದಿಲ್ಲ. ನನಗೆ ಸಿಕ್ಕಿದ್ದು ಅದು. ಒಂದನ್ನು ತಿರುವಿದೆ, ರಸ ಮೊಣಕೈವರೆಗೆ ಇಳಿಯಿತು, ಬೀಜ ಅಲ್ಲಾಡಲಿಲ್ಲ. ಉಳಿದವನ್ನು ಇಡಿಯಾಗಿಯೇ ಬೇಯಿಸುವುದು ಅಂತ ತೀರ್ಮಾನಿಸಿ, ಕಪ್ಪಾಗದಿರಲಿ ಅಂತ ನಿಂಬೆರಸ ಸವರಿಟ್ಟೆ.

ಒಂದು ಪಾಲು ಸಕ್ಕರೆ, ಎರಡು ಪಾಲು ನೀರು, ಎರಡು ಲವಂಗ, ಒಂದು ಚೂರು ಚಕ್ಕೆ. ಪಾಕ ತೆಳ್ಳಗಿರಬೇಕು, ಕುದಿಯಲೂ ಬಾರದು, ಸಣ್ಣ ಉರಿಯಲ್ಲಿ ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುತ್ತಿರಬೇಕು. 97 ಡಿಗ್ರಿಯ ಚಿಂತೆಯೇ ಇಲ್ಲ ಅಲ್ವಾ? ಬಟ್ಟೆ ಒಣಹಾಕಿ ಬರೋಣ ಅಂತ ಟೆರೇಸಿಗೆ ಹೋದೆ. ವಾಪಸ್ ಬಂದರೆ ಉರಿ ದೊಡ್ಡದಾಗಿದೆ, ಪೀಚುಗಳು ಕುಣಿಯುತ್ತಿವೆ. ಅತ್ತೆ ಎರಡು ಬೆರಳ ನಡುವೆ ಪಾಕ ಹಿಡಿದು ಎಳೆದು ನೋಡುತ್ತಿದ್ದಾರೆ. "ಇನ್ನೂ ಒಂದೆಳೆ ಕೂಡ ಬಂದಿಲ್ಲ ಕಣಮ್ಮ. ಏಲಕ್ಕಿನೂ ಮರೆತಿದ್ದೀಯ, ನಾನೇ ಹಾಕಿದೆ." ಈ ಮನೆಯಲ್ಲಿ ಎಲ್ಲರೂ ಬೆರಳಿಂದಲೇ ವಿಚಾರಣೆ ನಡೆಸುತ್ತಾರೆ.

ಬೈಯೋಣ ಅಂತಲೇ ಹೊರಗೆ ಬಂದೆ. ಮಾವನವರು ಮಗಳಿಗೆ ಏನೋ ಹೇಳುತ್ತಿದ್ದರು. ರಾಮನಗರದ ಹತ್ತಿರ ಅವರ ತೋಟವಿತ್ತು. ಮೇ ತಿಂಗಳಲ್ಲಿ ಅಟ್ಟದ ಮೇಲೆ ಹುಲ್ಲು ಹರಡಿ ರಸಪುರಿ, ಬಾದಾಮಿ ಸಾಲಾಗಿ ಇಡುತ್ತಿದ್ದರಂತೆ. ದಿನಾ ಬೆಳಿಗ್ಗೆ ಏಣಿ ಹತ್ತಿ ಕತ್ತಲಲ್ಲೇ ಒಂದೊಂದನ್ನೂ ಮುಟ್ಟಿ, ಇವತ್ತಿನದು, ನಾಳೆಯದು, ನಾಡಿದ್ದಿನದು ಅಂತ ಬೇರೆ ಮಾಡೋದು ಇವರ ಕೆಲಸ. ಅವರ ಅಜ್ಜಿಗೆ ಬೇರೆ ಯಾರ ಕೈ ಮೇಲೂ ನಂಬಿಕೆ ಇರಲಿಲ್ಲವಂತೆ. ತೋಟ ಮಾರಿ ತುಂಬಾ ವರ್ಷವಾಯಿತು. ಈಗ ನಮ್ಮನೆಗೆ ಮಾವಿನಹಣ್ಣು ಫೋನಿನಲ್ಲಿ ಆರ್ಡರ್ ಮಾಡಿದರೆ ಬರುತ್ತದೆ, ಸ್ಟಿಕರ್ ಅಂಟಿಸಿಕೊಂಡು. ಮುಟ್ಟಿ ನೋಡಿ ಆರಿಸುವ ಕೆಲಸವೇ ಇಲ್ಲ. ನನ್ನ ಕೋಪ ಎಲ್ಲಿಡಬೇಕೋ ಗೊತ್ತಾಗದೆ ಒಳಗೆ ಬಂದೆ.

ಪೀಚ್ ಕೆಟ್ಟಿರಲಿಲ್ಲ. ಅಂಚು ಸ್ವಲ್ಪ ಕರಗಿತ್ತು, ಅಷ್ಟೇ. ಬೆಂದ ಮೇಲೆ ಗುಳಿಗಳೂ ಕಾಣಲಿಲ್ಲ. ಹಂಸ ಇರಲಿಲ್ಲ, ಸ್ಟೀಲ್ ಬಟ್ಟಲಿತ್ತು. ಪೀಚ್ ಮೆಲ್ಬಾ ಮೇಲೆ ಸುರಿಯೋ ರಾಸ್‌ಬೆರಿ ಸಾಸಿನ ಜಾಗಕ್ಕೆ ಮಿಕ್ಸಡ್ ಫ್ರೂಟ್ ಜಾಮ್ ಬಂತು. ಮಗಳು ಐಸ್‌ಕ್ರೀಮ್ ಮಾತ್ರ ತಿಂದಳು.

ಉಳಿದ ಪಾಕಕ್ಕೆ ಅತ್ತೆ ನಿಂಬೆಹಣ್ಣು ಹಿಂಡಿ, ತಣ್ಣೀರು ಬೆರೆಸಿ ಪಾನಕ ಮಾಡಿದರು. ಸಂಜೆ ಪಕ್ಕದ ಮನೆಯವರು ಬಂದಾಗ ಲೋಟಕ್ಕೆ ಹಾಕಿ ಕೊಟ್ಟರು. ನಾನು ಸಿಂಕಿನ ಮುಂದೆ ನಿಂತು ಪಾಕ ಅಂಟಿದ ಪಾತ್ರೆ ತಿಕ್ಕುತ್ತಿದ್ದೆ.

"ಅಬ್ಬ, ಎಷ್ಟು ಚೆನ್ನಾಗಿದೆ! ಯಾರು ಮಾಡಿದ್ದು?"

"ನಾನೇ" ಅಂದರು ಅತ್ತೆ.