ಒಂದು ವಟ್ರಸುಳಿ

ಇವತ್ತು ಬೆಳಿಗ್ಗೆ ತಿಪಟೂರು ಬಸ್ ನಿಲ್ದಾಣದಲ್ಲಿ ಇಳಿದವನು ಎದುರಿನ ಕಂಬ ನೋಡುತ್ತಾ ನಿಂತುಬಿಟ್ಟೆ. ಹೊಸ ಫ್ಲೆಕ್ಸ್. ರಾತ್ರಿ ಕಟ್ಟಿರಬೇಕು, ಮಡಿಕೆಯ ಗೆರೆಗಳು ಇನ್ನೂ ಹೋಗಿರಲಿಲ್ಲ. ಇಪ್ಪತ್ತಾರೋ ಇಪ್ಪತ್ತೇಳೋ ವಯಸ್ಸಿನ ಹುಡುಗ. ಯಾವುದೋ ಮದುವೆಯಲ್ಲಿ ತೆಗೆದ ಗುಂಪಿನ ಚಿತ್ರದಿಂದ ಅವನೊಬ್ಬನನ್ನೇ ಕತ್ತರಿಸಿ ತೆಗೆದಿದ್ದಾರೆ. ಪಕ್ಕದಲ್ಲಿ ನಿಂತಿದ್ದವರ ನಾಲ್ಕು ಬೆರಳು ಅವನ ಹೆಗಲ ಮೇಲೆ ಹಾಗೆಯೇ ಉಳಿದುಕೊಂಡಿವೆ. ತಲೆಯ ಮೇಲೆ ಬಂಗಾರದ ಬಣ್ಣದ ದಪ್ಪ ಅಕ್ಷರಗಳಲ್ಲಿ 'ಭಾವಪೂರ್ಣ ಶೃದ್ಧಾಂಜಲಿ'.

ಶೃದ್ಧಾಂಜಲಿ. ಶಕಾರಕ್ಕೆ ವಟ್ರಸುಳಿ, ಅಂದರೆ ಋಕಾರದ ಚಿಹ್ನೆ. ಅಲ್ಲಿ ಇರಬೇಕಾದದ್ದು ರಕಾರದ ಒತ್ತು.

ಈ ಒಂದು ಪದ ಕಂಡರೆ ನನಗೆ ಏನಾಗುತ್ತದೆ ಎಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತು. ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಗುತ್ತದೆ. ಯಾಕೆ ಎಂಬುದು ಎಲ್ಲರಿಗೂ ಗೊತ್ತಿಲ್ಲ. ಇವತ್ತು ಅದನ್ನೇ ಬರೆಯುತ್ತೇನೆ.

ನಮ್ಮ ಪ್ರೆಸ್ಸಿನವನು ಹೋಗಿ ಮೂರು ವರ್ಷ. ಹೆಸರು ಬರೆಯುವುದಿಲ್ಲ, ಬಲ್ಲವರು ಬಲ್ಲಿರಿ. ಒಂದನೇ ತರಗತಿಯಿಂದ ನನ್ನ ಪಕ್ಕದಲ್ಲಿ ಕುಳಿತವನು. ಅವನ ಅಪ್ಪನದು ಹಳೆಯ ಕಾಲು ತುಳಿಯುವ ಟ್ರೆಡಲ್ ಮುದ್ರಣ ಯಂತ್ರ. ಗೋಡೆಯುದ್ದಕ್ಕೂ ಮರದ ಗೂಡುಗಳು, ಗೂಡುಗಳ ತುಂಬ ಸೀಸದ ಅಚ್ಚುಮೊಳೆಗಳು. ಮೊಳೆಯ ಮೇಲೆ ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿರುತ್ತದೆ. ಅವನು ಶಾಲೆಗೆ ಬರುವ ಮುಂಚೆಯೇ ಅವುಗಳನ್ನು ಓದಲು ಕಲಿತಿದ್ದ. ಮೇಷ್ಟ್ರು ಕಪ್ಪುಹಲಗೆಯ ಮೇಲೆ 'ಅ' ಬರೆದರೆ ಇವನಿಗೆ ಅದೇ ಉಲ್ಟಾ ಕಾಣಿಸುತ್ತಿತ್ತು. ಅವನ ಅಂಗಿಯಿಂದ ಯಾವಾಗಲೂ ಮಸಿ ಮತ್ತು ಸೀಮೆಎಣ್ಣೆಯ ವಾಸನೆ ಬರುತ್ತಿತ್ತು, ಸಂಜೆ ಮೊಳೆ ತೊಳೆಯುವ ಕೆಲಸ ಅವನದಾಗಿದ್ದರಿಂದ. ಆಮೇಲೆ ಆಫ್‌ಸೆಟ್ ಬಂತು, ಕಂಪ್ಯೂಟರ್ ಬಂತು. ಅಪ್ಪ ತೀರಿಕೊಂಡ ಮೇಲೆ ಪಿಯುಸಿ ಬಿಟ್ಟು ಇವನೇ ಪ್ರೆಸ್ಸಿನಲ್ಲಿ ಕುಳಿತ. ಸೀಸದ ಮೊಳೆಗಳೆಲ್ಲ ತೂಕಕ್ಕೆ ಹೋದವು. ಅಪ್ಪನ ನೆನಪಿಗೆಂದು ಒಂದು ಹಿಡಿ ಮಾತ್ರ ಮೇಜಿನ ಖಾನೆಯಲ್ಲಿ ಇಟ್ಟುಕೊಂಡಿದ್ದ.

ಅವನ ಪ್ರೆಸ್ಸಿನಿಂದ ತಪ್ಪು ಅಕ್ಷರ ಹೊರಗೆ ಹೋಗುತ್ತಿರಲಿಲ್ಲ. ಲಗ್ನಪತ್ರಿಕೆ ಮಾಡಿಸಲು ಬಂದವರು 'ಆರ್ಶೀವಾದ' ಎಂದು ಬರೆದು ತಂದರೆ ಕೆಂಪು ಪೆನ್ನಿನಿಂದ 'ಆಶೀರ್ವಾದ' ಎಂದು ತಿದ್ದಿ, ಅದನ್ನು ಅವರಿಂದ ಒಮ್ಮೆ ಓದಿಸುತ್ತಿದ್ದ. 'ಹಾರ್ಧಿಕ' ಎಂದಿದ್ದರೆ ಮಹಾಪ್ರಾಣ ಕಿತ್ತು ಹಾಕುತ್ತಿದ್ದ. 'ಗ್ರಹಪ್ರವೇಶ' ಎಂದು ಬರೆದುಕೊಂಡು ಬಂದವರನ್ನಂತೂ ಬಿಡುತ್ತಲೇ ಇರಲಿಲ್ಲ. 'ಯಾವ ಗ್ರಹಕ್ಕೆ ಹೊರಟಿದ್ದೀರಿ ಯಜಮಾನರೇ, ಶನಿಗೋ ಗುರುವಿಗೋ? ಮನೆ ಅಂದರೆ ಗೃಹ. ಅಲ್ಲಿ ವಟ್ರಸುಳಿ ಬೇಕು' ಎನ್ನುತ್ತಿದ್ದ. ಬೇಕಾದಲ್ಲಿ ಇಲ್ಲದ ವಟ್ರಸುಳಿ ಬೇಡವಾದಲ್ಲಿ ಬಂದು ಕೂರುತ್ತದೆ ಎಂಬುದು ಅವನ ಜೀವಮಾನದ ದೂರು. ಶ್ರದ್ಧೆ ಎಂಬ ಪದ ಶ್ರತ್ ಮತ್ತು ಧಾ ಸೇರಿ ಆದದ್ದು, ಅಲ್ಲಿರುವುದು ರಕಾರದ ಒತ್ತು, ಋಕಾರಕ್ಕೆ ಅಲ್ಲಿ ಜಾಗವೇ ಇಲ್ಲ ಎಂದು ನಿವೃತ್ತ ಪಂಡಿತರೊಬ್ಬರು ಅವನಿಗೆ ಹೇಳಿಕೊಟ್ಟಿದ್ದರು. ಅದನ್ನು ಅವನು ಊರಿಗೆಲ್ಲ ಹೇಳಿದ.

2021ರ ಅಕ್ಟೋಬರ್ 29. ಅಪ್ಪು ಹೋದ ದಿನ. ನಲವತ್ತಾರು ವರ್ಷದ ಪುನೀತ್ ಹೋಗಿಬಿಟ್ಟರು ಎಂಬುದನ್ನು ನಂಬಲಾಗದೆ ಊರೇ ಬೀದಿಗೆ ಬಂದು ನಿಂತಿತ್ತು. ಮರುದಿನದ ಹೊತ್ತಿಗೆ ಗಲ್ಲಿಗೊಂದು ಫ್ಲೆಕ್ಸ್. ಇವನು ಅಳುತ್ತಲೇ ಬೀದಿ ಸುತ್ತಿದ. ಎಲ್ಲೆಲ್ಲಿ 'ಶೃ' ಕಂಡಿತೋ ಅಲ್ಲಿಯ ಹುಡುಗರನ್ನು ಕರೆದು, ತನ್ನ ಪ್ರೆಸ್ಸಿನಲ್ಲೇ ಸರಿಯಾದ ಅಕ್ಷರವನ್ನು ಸ್ಟಿಕ್ಕರ್ ಹಾಳೆಯಲ್ಲಿ ಮುದ್ರಿಸಿ ತಂದು ಅಂಟಿಸಿದ. ಒಬ್ಬ ಹುಡುಗ ಸಿಟ್ಟಿನಿಂದ ಕೇಳಿದ: 'ದೇವರಂಥ ಮನುಷ್ಯ ಹೋಗಿದ್ದಾರೆ, ನಿಮಗೆ ಅಕ್ಷರದ ಚಿಂತೆಯೇ ಅಣ್ಣ?' ಇವನು ಹೇಳಿದ: 'ದೇವರಂಥ ಮನುಷ್ಯ ಅಂತಲೇ ಕಣಪ್ಪ.'

ಒಂದೂವರೆ ವರ್ಷದ ಮೇಲೆ ಅವನೇ ಹೋದ. ಮೂವತ್ತೊಂಬತ್ತಕ್ಕೆ. ಲಗ್ನಪತ್ರಿಕೆಗಳ ಭರಾಟೆಯ ಕಾಲ, ರಾತ್ರಿ ಎದೆ ಹಿಡಿದುಕೊಂಡಿತು, ಗ್ಯಾಸ್ ಇರಬೇಕೆಂದು ಸೋಡಾ ಕುಡಿದು ಮಲಗಿದ, ತುಮಕೂರು ಮುಟ್ಟುವ ಮೊದಲೇ ಎಲ್ಲ ಮುಗಿಯಿತು. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ.

ಊರಿನ ಹುಡುಗರು ಫ್ಲೆಕ್ಸ್ ಹಾಕಿಸಿದರು. ಕಂಬದ ಮೇಲೆ ನನ್ನ ಗೆಳೆಯ, ಆಡಳಿತಗಾರನಂತೆ ಕೋಟು ತೊಟ್ಟು. ಕೋಟು ಅವನದಲ್ಲ, ಕಂಪ್ಯೂಟರಿನಲ್ಲಿ ತೊಡಿಸಿದ್ದು. ತಲೆಯ ಮೇಲೆ 'ಭಾವಪೂರ್ಣ ಶೃದ್ಧಾಂಜಲಿ'.

ಅಕ್ಷರವೊಂದರ ಮೇಲೆ ಇಷ್ಟು ರೇಗುವುದು ಅತಿಯಾಯಿತು ಎಂದು ನನ್ನ ಹೆಂಡತಿಯೇ ಹೇಳುತ್ತಾಳೆ. ಸತ್ತವನಿಗೆ ವಟ್ರಸುಳಿಯಾದರೇನು, ಒತ್ತಾದರೇನು? ಹಾಕಿದವರ ಪ್ರೀತಿ ನೋಡಬೇಕು, ಓದಿದವರಿಗೆ ಅರ್ಥವಾಯಿತಲ್ಲ, ಎನ್ನುತ್ತಾರೆ. ಪ್ರೀತಿಯ ಮೇಲೆ ನನಗೆ ಸಂಶಯವಿಲ್ಲ. ಆ ಹುಡುಗರು ಹೆಣಕ್ಕೆ ಹೆಗಲು ಕೊಟ್ಟವರು. ಆದರೆ ಮನುಷ್ಯ ಹೋದ ಮೇಲೆ ಅವನಿಗಾಗಿ ನಾವು ಮಾಡಲು ಉಳಿಯುವುದು ಏನು? ಅನ್ನ ಹಾಕುವಂತಿಲ್ಲ, ಔಷಧಿ ತರುವಂತಿಲ್ಲ, ಜಗಳವಾಡುವಂತಿಲ್ಲ. ಉಳಿಯುವುದು ಎರಡು ಸಾಲು ಬರವಣಿಗೆ. ಕೊಬ್ಬರಿ ಚೀಲದ ಮೇಲಿನ ಗುರುತನ್ನು ಎರಡೆರಡು ಸಲ ನೋಡುವ ಊರು ನಮ್ಮದು. ಎರಡು ಸಾಲನ್ನು ಒಮ್ಮೆ ಓದಿ ನೋಡಲು ಪುರುಸೊತ್ತಿಲ್ಲವೇ? ಕನ್ನಡ ಟೈಪ್ ಮಾಡುವ 'ನುಡಿ' ತಂತ್ರಾಂಶದಲ್ಲಿ 'ಶ್ರ'ಕ್ಕೆ ಬೇಕಾದದ್ದು ಶಕಾರ, ಒತ್ತಿಗೆ ಒಂದು ಎಫ್, ಆಮೇಲೊಂದು ರಕಾರ. ಒಂದೇ ಒಂದು ಕೀಲಿ ಹೆಚ್ಚು. ಜೀವಮಾನವೆಲ್ಲ ಆ ಒಂದು ಅಕ್ಷರಕ್ಕಾಗಿ ಊರಿನೊಡನೆ ಗುದ್ದಾಡಿದವನ ತಲೆಯ ಮೇಲೇ ಆ ತಪ್ಪನ್ನು ಹೊರಿಸಿದರೆ ಅದು ಚಿಕ್ಕ ತಪ್ಪೇ?

ಇಷ್ಟು ಬರೆದವನು ಉಳಿದದ್ದನ್ನೂ ಬರೆಯಬೇಕು. ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ.

ಆ ಫ್ಲೆಕ್ಸ್‌ನ ಕರಡು ರಾತ್ರಿ ಒಂದೂವರೆಗೆ ನನ್ನ ವಾಟ್ಸ್ಆ್ಯಪ್‌ಗೆ ಬಂದಿತ್ತು. 'ಅಣ್ಣ, ಒಮ್ಮೆ ನೋಡಿ ಹೇಳಿ, ಪ್ರಿಂಟಿಗೆ ಹಾಕುತ್ತೇನೆ' ಎಂದು ಅಂಗಡಿಯ ಹುಡುಗ ಕಳಿಸಿದ್ದ. ಓದಬೇಕಾದರೆ ಚಿತ್ರವನ್ನು ತೆರೆಯಬೇಕಿತ್ತು. ತೆರೆದರೆ ಅವನ ಮುಖ. ನಾನು ತೆರೆಯಲಿಲ್ಲ. 'ಸರಿಯಿದೆ' ಎಂದು ಬರೆದು ಕಳಿಸಿದೆ. ಮೂರು ವರ್ಷದಿಂದ ಕಂಡಕಂಡವರ ಮೇಲೆ ಹಾರಾಡುತ್ತಿರುವ ಈ ಮನುಷ್ಯ, ಗೆಳೆಯನ ಕೊನೆಯ ಪ್ರೂಫ್ ನೋಡದೆ ಒಪ್ಪಿಗೆ ಕೊಟ್ಟವನು.

ಹನ್ನೊಂದನೆಯ ದಿನದ ಮೇಲೆ ಫ್ಲೆಕ್ಸ್ ಬಿಚ್ಚಿದರು. ಅವನ ಅಮ್ಮ ಅದನ್ನು ಕೇಳಿ ಇಸಿದುಕೊಂಡರು. ಹೋದ ಮಳೆಗಾಲದಲ್ಲಿ ಮನೆಗೆ ಹೋಗಿದ್ದಾಗ ನೋಡಿದೆ, ಹಿತ್ತಲಲ್ಲಿ ಸೌದೆ ಮತ್ತು ತೆಂಗಿನ ಮಟ್ಟೆಯ ರಾಶಿಯ ಮೇಲೆ ಹೊದಿಸಿದ್ದರು. ಬಿಳಿ ಮಗ್ಗುಲು ಮೇಲೆ, ಮುಖ ಒಳಗೆ. ನಾನು ನೋಡುತ್ತಿರುವುದನ್ನು ಕಂಡು ಅವರು, 'ಅವನು ನೆನೆಯಬಾರದು ಎಂದು ಹಾಗೆ ಹಾಕಿದ್ದೇನೆ ಕಣಪ್ಪ' ಎಂದರು. ಅವರಿಗೆ ಓದಲು ಬಾರದು.

ಇವತ್ತು ಬೆಳಿಗ್ಗೆ ಆ ಕಂಬದ ಕೆಳಗಿನಿಂದ ನೇರವಾಗಿ ಫ್ಲೆಕ್ಸ್ ಅಂಗಡಿಗೆ ಹೋದೆ. ಕೂಗಾಡಲೆಂದೇ ಹೋದದ್ದು. ಅದೇ ಹುಡುಗ, ಕಣ್ಣು ಕೆಂಪಾಗಿತ್ತು, ರಾತ್ರಿಯೆಲ್ಲ ನಿದ್ದೆಯಿಲ್ಲವಂತೆ. ಕಂಬದ ಮೇಲಿನವನು ಅವನ ಚಿಕ್ಕಮ್ಮನ ಮಗನಂತೆ, ಬೈಕಿನಲ್ಲಿ ಹೋಗುವಾಗ ಅಪಘಾತವಂತೆ. ಚಿತ್ರದಲ್ಲಿ ಹೆಗಲ ಮೇಲೆ ಉಳಿದಿರುವ ಬೆರಳುಗಳು ಈ ಹುಡುಗನವೇ. ನನ್ನ ಬಾಯಿ ಕಟ್ಟಿಹೋಯಿತು. ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದು ಕೇಳಿದೆ, ನಮ್ಮ ಪ್ರೆಸ್ಸಿನವನ ಫೈಲ್ ಇನ್ನೂ ಇದೆಯೇ ಎಂದು. ಹುಡುಕಿ ತೆಗೆದ. ಪರದೆಯ ತುಂಬ ಅವನ ಮುಖ. ಈ ಸಲ ನೋಡಿದೆ. ಹೆಸರು, ಜನನ, ಮರಣ, ಕೆಳಗಿನ ಹೆಸರುಗಳು, ಎಲ್ಲವನ್ನೂ ಅವನು ಓದುತ್ತಿದ್ದ ಹಾಗೆ ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಓದಿದೆ. ಉಳಿದದ್ದೆಲ್ಲ ಸರಿಯಿತ್ತು. ಆ ಒಂದನ್ನು ತೋರಿಸಿದೆ. ಹುಡುಗ ಅಳಿಸಿದ, ಮೂರು ಕೀಲಿ ಒತ್ತಿದ. ಶ್ರದ್ಧಾಂಜಲಿ.

'ಪ್ರಿಂಟ್ ಹಾಕಲೇ ಅಣ್ಣ?' ಎಂದು ಕೇಳಿದ.

ಬೇಡ, ಸೇವ್ ಮಾಡು ಎಂದೆ. ಆಮೇಲೆ ಅವನ ತಮ್ಮನ ಫೈಲ್ ತೆರೆಸಿ, ಅದರಲ್ಲಿದ್ದ ಅಕ್ಷರವನ್ನೂ ಸರಿಮಾಡಿಸಿ, ಅದೊಂದನ್ನು ಮಾತ್ರ ಸ್ಟಿಕ್ಕರ್ ಹಾಳೆಯಲ್ಲಿ ಮುದ್ರಿಸಿಕೊಂಡೆವು. ಹುಡುಗ ಏಣಿ ತಂದ. ನಾನು ಕೆಳಗೆ ಹಿಡಿದುಕೊಂಡೆ.